ಹೀಚಿಗೆ ತೋರಿಸಿದ ಬೆರಳು

ಆ ಕಾಲದಲ್ಲಿ ನಮ್ಮ ಮನೆಯಲ್ಲಿ ಬೆರಳಿಗೂ ಒಂದು ಶಿಸ್ತಿತ್ತು. ದೊಡ್ಡವರ ಮುಖಕ್ಕೆ ಬೆರಳು ಮಾಡಬಾರದು. ಊಟದ ಎಲೆಯ ಮೇಲೆ ಬೆರಳಲ್ಲಿ ಗೀಚಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಹಿತ್ತಲಿನ ಬಳ್ಳಿಯಲ್ಲಿ ಹೊಸದಾಗಿ ಬಿಟ್ಟ ಹೀಚುಕಾಯಿಯ ಕಡೆಗೆ ಬೆರಳು ಚಾಚಿ ತೋರಿಸಬಾರದು. ತೋರಿಸಿದರೆ ಹೀಚು ಕೊಳೆತು ಉದುರಿಹೋಗುತ್ತದೆ. ತೋರಿಸಲೇಬೇಕು ಅಂತಿದ್ದರೆ ತೋರುಬೆರಳನ್ನು ಕೊಕ್ಕೆಯ ಹಾಗೆ ಮಡಚಿ ತೋರಿಸಬೇಕು. ನಿಮ್ಮಲ್ಲೂ ಎಷ್ಟೋ ಜನರ ಅಜ್ಜಿಯರು ಕೈಮೇಲೆ ಪಟ್ಟನೆ ಒಂದು ಕೊಟ್ಟು “ಬೆರಳು ಮಡಚೇ!” ಅಂದಿರುತ್ತಾರೆ.

ನನಗೀಗ ಐವತ್ತು ದಾಟಿದೆ. ಈಗಲೂ ತರಕಾರಿ ಅಂಗಡಿಯಲ್ಲಿ “ಆ ಎಳೇದು ಕೊಡಿ” ಅನ್ನುವಾಗ ನನ್ನ ಬೆರಳು ತಾನೇ ಮಡಚಿಕೊಳ್ಳುತ್ತದೆ. ಪಾಪ, ಈ ಅಮ್ಮನಿಗೆ ವಾತ ಇರಬೇಕು ಅಂತ ಅಂಗಡಿಯವನು ಕನಿಕರದಿಂದ ನೋಡುತ್ತಾನೆ. ವಾತವಲ್ಲ. ಒಂಬತ್ತನೇ ವಯಸ್ಸಿನಲ್ಲಿ ನಾನು ಮಾಡಿದ ಒಂದು ಕೆಲಸದ ಫಲ ಅದು. ಅವನಿಗೆ ಹೇಳಲಾಗುವುದಿಲ್ಲ, ನಿಮಗೆ ಹೇಳುತ್ತೇನೆ.

ನಮ್ಮದು ಶಂಕರಪುರದ ಹಳೆಯ ಹೆಂಚಿನ ಮನೆ. ಮುಂದೆ ಮನೆ, ಹಿಂದೆ ಹಿತ್ತಲು, ಹಿತ್ತಲಿನ ಒಂದು ಪಕ್ಕಕ್ಕೆ ಬಾಡಿಗೆಗೆ ಕೊಡುತ್ತಿದ್ದ ಎರಡು ಕೋಣೆಯ ಔಟ್‌ಹೌಸು. ಹಿತ್ತಲಿನಲ್ಲಿ ತರಕಾರಿಗೆ ಬಿಟ್ಟ ಜಾಗ ನನ್ನ ಆಗಿನ ಹೆಜ್ಜೆಯಲ್ಲಿ ಹನ್ನೆರಡು ಉದ್ದ, ಎಂಟು ಅಗಲ. ಅಷ್ಟರಲ್ಲೇ ದಂಟಿನ ಸೊಪ್ಪು, ಬಸಳೆ, ಬದನೆ, ಗೋಡೆಗೆ ಹಬ್ಬಿದ ಸೀಮೆಬದನೆ, ನಡುವೆ ಸರ್ವೆ ಕಂಬದ ಒಂದು ಚಪ್ಪರ. ಬಚ್ಚಲಿನ ನೀರು ಬಾಳೆಯ ಬುಡಕ್ಕೆ ಹೋಗುತ್ತಿದ್ದುದರಿಂದ ಭಾನುವಾರ ಎಣ್ಣೆಸ್ನಾನದ ಹೊತ್ತಿಗೆ ಹಿತ್ತಲಿಗೆಲ್ಲ ಸೀಗೇಕಾಯಿಯ ವಾಸನೆ. ಅಕ್ಕಿ ತೊಳೆದ ನೀರು ಬದನೆಗೆ, ಹಂಡೆಯ ಒಲೆಯ ಬೂದಿ ಸೊಪ್ಪಿಗೆ. ಬೀದಿಯಲ್ಲಿ ಹಸು ಸಗಣಿ ಹಾಕಿದರೆ ಪಕ್ಕದ ಮನೆಯವರಿಗಿಂತ ಮೊದಲು ಬಾಣಲಿ ಹಿಡಿದು ಓಡಬೇಕು. ಆ ಓಟದಲ್ಲಿ ಮಾತ್ರ ನಾನು ಸದಾ ಮೊದಲು.

ಹಿತ್ತಲಿನ ಯಜಮಾನಿ ನಮ್ಮಜ್ಜಿ, ಅಪ್ಪನ ತಾಯಿ. ಆದರೆ ಮಂಡಿನೋವಿನಿಂದ ಅವರಿಗೆ ಬಗ್ಗಲು ಆಗುತ್ತಿರಲಿಲ್ಲ. ಒಗೆಯುವ ಕಲ್ಲಿನ ಮೇಲೆ ಕೂತು ಅಪ್ಪಣೆ ಕೊಡುತ್ತಿದ್ದರು. ಬಗ್ಗಿ ಬೀಜ ಊರುವವಳು ನಾನು. ಒಂದು ವರ್ಷ ನಾನು ಊರಿದ ಅವರೆಬೀಜವೆಲ್ಲ ಒಂದೂ ಬಿಡದೆ ಹುಟ್ಟಿದ್ದೇ ತಡ, ಅಜ್ಜಿ ಮೊಸರು ತರುವವಳಿಗೆ, ಪೂಜೆಗೆ ಬಂದ ಶಾಸ್ತ್ರಿಗಳಿಗೆ, ಮೀಟರ್ ನೋಡಲು ಬಂದವನಿಗೆ, ಎಲ್ಲರಿಗೂ ಹೇಳಿದರು: “ನಮ್ಮ ಸುಮೀದು ಕೈಗುಣ ಕಣ್ರೀ. ಕಲ್ಲು ನೆಟ್ರೂ ಚಿಗುರುತ್ತೆ.”

ನಾನು ಲೆಕ್ಕದಲ್ಲಿ ನಲವತ್ತು ದಾಟಿದವಳಲ್ಲ. ಹಾಡಲು ಕೂರಿಸಿದರೆ ಸಂಗೀತ ಪಾಠದ ಮೇಡಂ ತಾವೇ ಕೆಮ್ಮಿ ನಿಲ್ಲಿಸುತ್ತಿದ್ದರು. ಇಡೀ ಪ್ರಪಂಚದಲ್ಲಿ ನನಗಿದ್ದ ಪದವಿ ಇದೊಂದೇ: ಕೈಗುಣದವಳು.

ನಾಲ್ಕನೇ ಕ್ಲಾಸಿನ ಪರೀಕ್ಷೆ ಮುಗಿದ ಮಾರ್ಚಿನಲ್ಲಿ ಅಮ್ಮ ಹೆರಿಗೆಗೆ ತವರಿಗೆ, ತಿಪಟೂರಿಗೆ ಹೊರಟಳು. ಜೊತೆಗೆ ನಾನೂ ಹೋಗಬೇಕೆಂದು ತೀರ್ಮಾನವಾಯಿತು. ಹುಟ್ಟಲಿರುವ ಪಾಪುವಿನ ಬಗ್ಗೆ ನನಗೆ ಅಂಥ ಕುತೂಹಲವೇನೂ ಇರಲಿಲ್ಲ, ಪಡವಲಕಾಯಿಯದೇ ಚಿಂತೆ. ಆಗಷ್ಟೇ ಮೂರು ಕರಟಗಳಲ್ಲಿ ಮಣ್ಣು ತುಂಬಿ, ಒಂದೊಂದರಲ್ಲಿ ಒಂದೊಂದು ಪಡವಲ ಬೀಜ ಊರಿ, ಅಡಿಗೆಮನೆಯ ಕಿಟಕಿಯಲ್ಲಿ ಸಾಲಾಗಿ ಇಟ್ಟಿದ್ದೆ. ಹುಟ್ಟುವುದರೊಳಗೆ ರೈಲು ಹತ್ತಬೇಕಾಯಿತು.

“ಅಜ್ಜಿ, ಎರಡು ಎಲೆ ಬಂದಮೇಲೆ ನೆಲಕ್ಕೆ ಹಾಕ್ಬೇಕು. ಜಾಸ್ತಿ ನೀರು ಹಾಕ್ಬೇಡ. ಇಲಿ ಬರತ್ತೆ, ರಾತ್ರಿ ಬುಟ್ಟಿ ಮುಚ್ಚು. ಬುಟ್ಟಿ ಮೇಲೆ ಕಲ್ಲಿಡು. ಕಲ್ಲು ದೊಡ್ಡದಿರ್ಲಿ, ಆದ್ರೆ ತುಂಬ ದೊಡ್ಡದು ಬೇಡ.”

“ಆಯ್ತು ಹೋಗೇ. ನಾನು ನಿಮ್ಮಪ್ಪನ್ನೇ ಬೆಳೆಸಿದೀನಿ, ಪಡವಲಕಾಯಿ ಬೆಳೆಸಲ್ವಾ?”

ತಿಪಟೂರಿನಲ್ಲಿ ಏಪ್ರಿಲ್ ಮೊದಲ ವಾರ ತಮ್ಮ ಹುಟ್ಟಿದ. ಆವರೆಗೆ ಅಮ್ಮನ ಮಗ್ಗುಲಲ್ಲಿ ನನಗಿದ್ದ ಜಾಗ ಅವತ್ತಿಗೆ ಹೋಯಿತು. ಬಂದವರೆಲ್ಲ ಅವನ ಮೂಗು ಯಾರ ಥರ, ಹಣೆ ಯಾರ ಥರ ಅಂತ ಚರ್ಚೆ ಮಾಡಿ, ಕೊನೆಗೆ ನನ್ನ ಕಡೆ ತಿರುಗಿ “ನಿಂಗೆ ಖುಷೀನಾ ಪುಟ್ಟಿ?” ಅನ್ನುವರು. ಖುಷಿ ಅಂತ ಹೇಳಬೇಕು, ಹೇಳುತ್ತಿದ್ದೆ. ಸಾಂಬ್ರಾಣಿ ಹೊಗೆ, ಬಾಣಂತಿ ಖಾರ, ಮಗು ಮಲಗಿದೆ ಸದ್ದು ಮಾಡಬೇಡ ಅನ್ನುವ ಗದರಿಕೆ. ಇವುಗಳ ನಡುವೆ ನನಗೆ ಒಂದೇ ಸಮಾಧಾನ: ಬೆಂಗಳೂರಲ್ಲಿ ನನ್ನ ಹಿತ್ತಲಿದೆ, ಅಲ್ಲಿ ನನ್ನ ಜಾಗಕ್ಕೆ ಯಾರೂ ಬಂದಿಲ್ಲ.

ಮೇ ತಿಂಗಳಲ್ಲಿ ಅಪ್ಪನ ಇನ್‌ಲ್ಯಾಂಡ್ ಪತ್ರ ಬಂತು. ಕೊನೆಗೆ ನನಗಾಗಿ ಎರಡು ಸಾಲು. “ಚಿ. ಸುಮಿಗೆ ಆಶೀರ್ವಾದ. ಔಟ್‌ಹೌಸಿಗೆ ಹೊಸಬರು ಬಂದಿದ್ದಾರೆ, ನಿನ್ನ ವಯಸ್ಸಿನ ಹುಡುಗಿ ಇದ್ದಾಳೆ, ಅಜ್ಜಿಗೆ ತೋಟದಲ್ಲಿ ತುಂಬ ಸಹಾಯ ಮಾಡುತ್ತಾಳೆ.”

ಆ ‘ತುಂಬ’ವನ್ನು ನಾನು ಎಷ್ಟು ಸಲ ಓದಿದೆನೋ. ಸಹಾಯ ಅಂತಿದ್ದರೆ ಸಾಕಿತ್ತಲ್ಲ? ತುಂಬ ಯಾಕೆ?

ಜೂನ್ ಕೊನೆಯಲ್ಲಿ, ತಮ್ಮನಿಗೆ ಮೂರನೇ ತಿಂಗಳು ನಡೆಯುವಾಗ, ಬೆಂಗಳೂರಿಗೆ ವಾಪಸು ಬಂದೆವು. ಸ್ಕೂಲು ಶುರುವಾಗಿ ಮೂರು ವಾರವಾಗಿತ್ತು. ಬಾಗಿಲಲ್ಲಿ ಆರತಿ, ತಟ್ಟೆಯಲ್ಲಿ ಕೆಂಪು ನೀರು, ಅಮ್ಮನ ಕೈಲಿ ಪಾಪು, ಅಕ್ಕಪಕ್ಕದ ಮನೆಯ ಹೆಂಗಸರೆಲ್ಲ ಜಗಲಿಯ ಮೇಲೆ. ನನ್ನನ್ನು ಯಾರೂ ಗಮನಿಸಲಿಲ್ಲ, ನಾನೂ ಅದಕ್ಕೇ ಕಾದಿದ್ದೆ. ಮನೆ ಪಕ್ಕದ ಓಣಿಯಲ್ಲಿ ನುಸುಳಿ ಹಿತ್ತಲಿಗೆ ಓಡಿದೆ.

ಓಡಿದವಳು ಬಾಳೆಗಿಡದ ಹತ್ತಿರ ನಿಂತುಬಿಟ್ಟೆ.

ಚಪ್ಪರದ ಮೇಲೆ ಆಕಾಶ ಕಾಣದಷ್ಟು ಎಲೆ. ಕೆಳಗೆ ನೆರಳು ಹಸಿರು ಬಣ್ಣಕ್ಕಿತ್ತು. ನೂಲು ಬಿಚ್ಚಿದಂಥ ಬಿಳಿ ಹೂಗಳು, ಪಡವಲದ ಎಲೆಯ ಆ ಒಗರು ವಾಸನೆ. ನಡುವಿನಿಂದ ಎರಡು ದೊಡ್ಡ ಕಾಯಿಗಳು ನೆಟ್ಟಗೆ ಇಳಿಬಿದ್ದಿದ್ದವು, ಹೆಡ್‌ಮೇಷ್ಟರ ಕೈಯಲ್ಲಿರುವ ಬೆತ್ತದಷ್ಟು ನೆಟ್ಟಗೆ. ನನ್ನ ಕಾಲದ ಪಡವಲಕಾಯಿಗಳು ಸುತ್ತಿಕೊಂಡು, ತಿರುಚಿಕೊಂಡು, ಹೆಚ್ಚುವಾಗ ಅಮ್ಮನ ಬೈಗುಳ ತಿನ್ನುತ್ತಿದ್ದವು. ಇವುಗಳ ತುದಿಗೆ ಬಾಳೆನಾರಿನಲ್ಲಿ ಒಂದೊಂದು ಪುಟ್ಟ ಕಲ್ಲು ಕಟ್ಟಿತ್ತು. ಅಷ್ಟೇ ಉಪಾಯ. ಅಷ್ಟು ಸುಲಭದ್ದು ನನಗೆ ಹೊಳೆದಿರಲಿಲ್ಲ.

ಅಜ್ಜಿಯ ಒಗೆಯುವ ಕಲ್ಲಿನ ಮೇಲೆ ಒಬ್ಬ ಹುಡುಗಿ ಕೂತು ಬಾಳೆನಾರು ಸೀಳುತ್ತಿದ್ದಳು. ಎರಡು ಜಡೆ, ಮಣ್ಣಾದ ಮಂಡಿ.

“ನೀನೇನಾ ಸುಮಿ?” ಅಂದಳು. “ನಾನು ಭಾಗ್ಯ. ಅಜ್ಜಿ ದಿನಾ ಏಳ್ತಿದ್ರು ನಿನ್ ಸುದ್ದೀನ.”

ಹೇಳ್ತಿದ್ರು ಅಲ್ಲ, ಏಳ್ತಿದ್ರು. ಆ ಒಂದು ಅಕ್ಷರ ಸಿಕ್ಕಿದ್ದು ನನಗೆ ಎಷ್ಟು ಆಸರೆಯಾಯಿತೆಂದರೆ ಈಗ ನೆನೆದರೆ ನಾಚಿಕೆಯಾಗುತ್ತದೆ. ಅವರು ಮಾಗಡಿ ಕಡೆಯ ಹಳ್ಳಿಯವರು. ಅವಳಪ್ಪ ಸಿಟಿ ಬಸ್ಸಿನ ಡ್ರೈವರು. ಹೊಲದ ನಡುವೆ ಬೆಳೆದ ಹುಡುಗಿಗೆ ನಮ್ಮ ಹಿತ್ತಲು ಅಂಗೈಯಷ್ಟು.

“ಇದು ನಮ್ಮಜ್ಜಿ ಕಲ್ಲು,” ಅಂದೆ.

“ಊ, ಅವರೇ ಕೂತ್ಕೋ ಅಂದ್ರು,” ಅಂದಳು, ಎದ್ದು ಜಾಗ ಬಿಟ್ಟಳು. ಎದ್ದದ್ದರಿಂದ ನನಗೆ ಇನ್ನಷ್ಟು ಸಿಟ್ಟು ಬಂತು.

ಅಷ್ಟರಲ್ಲಿ ಅಜ್ಜಿ ಬಾಗಿಲ ಚೌಕಟ್ಟು ಹಿಡಿದುಕೊಂಡು ಹಿತ್ತಲಿಗೆ ಇಳಿದು ಬಂದರು. ನನ್ನ ಕೆನ್ನೆ ಹಿಡಿದು “ಸೊರಗಿದೀಯಲ್ಲೇ” ಅಂದರು. ಆಮೇಲೆ ಚಪ್ಪರ ನೋಡಿ, ನಾನು ಯಾವ ಮಾತು ಕೇಳಬಾರದು ಅಂದುಕೊಂಡಿದ್ದೆನೋ ಅದನ್ನೇ ಅಂದರು: “ನೋಡಿದ್ಯಾ ಹೇಗಿದೆ? ಎಲ್ಲಾ ಈ ಹುಡುಗಿ ಕೈಗುಣ.”

ಕೈಗುಣ! ಆ ಮಾತು ನನ್ನದು. ನನಗೇ ಇಟ್ಟದ್ದು. ಮನೆಯಲ್ಲಿ ಒಬ್ಬರಿಗೇ ಇರುವಂಥದ್ದು.

ಇನ್ನೊಂದು ಬಳ್ಳಿಯೂ ಇತ್ತು, ಬಚ್ಚಲಿನ ಗೋಡೆಯ ಪಕ್ಕ. ನಾಲ್ಕು ಹಳದಿ ಎಲೆ, ಒಂದೂ ಕಾಯಿಲ್ಲ, ಹಗ್ಗ ಹಿಡಿದು ನಿಂತ ಬಡಪಾಯಿ. ನೋಡಿದೊಡನೆ ಅರ್ಥವಾಯಿತು. ಅದು ನನ್ನ ಕರಟದ್ದು. ಚಪ್ಪರದ ಜಾಗ ಅವಳ ಬೀಜಕ್ಕೆ, ಬಚ್ಚಲ ಮೂಲೆ ನನ್ನ ಬೀಜಕ್ಕೆ. ಒಳಗೆ ಅಮ್ಮನ ಮಗ್ಗುಲಲ್ಲಿ ಒಬ್ಬ, ಹಿತ್ತಲಲ್ಲಿ ಒಬ್ಬಳು. ನಾನು ಯಾರನ್ನೂ ಏನೂ ಕೇಳಲಿಲ್ಲ. ಕೇಳಿದರೆ ಹೌದು ಅಂದುಬಿಟ್ಟರೆ?

ಆ ವಾರವೆಲ್ಲ ನಾನು ಹೊಟ್ಟೆಕಿಚ್ಚಿನಲ್ಲೇ ಬೆಂದೆ. ಬೆಳಿಗ್ಗೆ ಎದ್ದರೆ ಅವಳು ಆಗಲೇ ಅಕ್ಕಿ ತೊಳೆದ ನೀರು ಹಾಕಿಯಾಗಿರುತ್ತಿತ್ತು. ಸ್ಕೂಲಿಂದ ಬಂದರೆ ಬದನೆ ಎಲೆಯ ಹುಳು ಆರಿಸಿಯಾಗಿರುತ್ತಿತ್ತು. ಹಸುವಿನ ಹಿಂದೆ ಓಡುವುದರಲ್ಲೂ ಅವಳೇ ಮುಂದೆ. ಕಲ್ಲು ಕಟ್ಟುವುದನ್ನು ನನಗೆ ಕಲಿಸಲು ಬಂದಳು.

“ಅಂಗಲ್ಲ, ಇಂಗೆ. ಈಚು ಗೇಣುದ್ದ ಆಗೋಗಂಟ ಕಟ್ಬಾರ್ದು, ನೋಯ್ತದೆ ಅದುಕ್ಕೆ.”

“ಅದಕ್ಕೆ ನೋಯಲ್ಲ. ಅದೇನು ಮನುಷ್ಯಾನಾ?”

“ನಮ್ಮೂರಾಗೆ ನೋಯ್ತದೆ ಅಂತಾರಪ್ಪ.”

ರಾತ್ರಿ ಊಟಕ್ಕೆ ಕೂತಾಗ ಅವಳನ್ನು ಅಣಕಿಸಿದೆ. “ಅಜ್ಜೀ, ಉಳಿ ಆಕಿ, ಅಪ್ಪಳ ಆಕಿ.” ಅಪ್ಪ ನಕ್ಕರು. ಅಜ್ಜಿ ನಗಲಿಲ್ಲ. ಹುಳಿಯ ಸೌಟು ಕೆಳಗಿಟ್ಟು, “ಅವಳ ಬಾಯಲ್ಲಿ ಒಂದಕ್ಷರ ಬಿಟ್ಟುಹೋಗಿದೆ ಅಷ್ಟೇ. ನಿನ್ನ ಬಾಯಲ್ಲಿ ಅದು ಚುಚ್ಚೋಕೆ ಅಂತಲೇ ಬರ್ತಾ ಇದೆ,” ಅಂದರು. ಅವತ್ತು ಮೊಸರನ್ನ ಬೇಡವೆಂದು ಎದ್ದುಬಿಟ್ಟೆ. ಅಜ್ಜಿ ಪೂರ್ತಿ ಅವಳ ಪಕ್ಷ ಸೇರಿದರು ಅಂತ ನಿಶ್ಚಯವಾಯಿತು.

ಎದುರಿಗಿದ್ದ ದೊಡ್ಡ ಚಿಂತೆ ಇದು: ಇನ್ನು ಕೆಲವೇ ದಿನಕ್ಕೆ ಅವರೆಬೀಜ ಊರುವ ಹೊತ್ತು. ಸೊಗಡಿನ ಅವರೆ, ವರ್ಷಕ್ಕೊಂದೇ ಸಲ. ಹೋದ ವರ್ಷ, ಅದರ ಹಿಂದಿನ ವರ್ಷ, ಅಜ್ಜಿ ಹಳದಿ ಬಟ್ಟೆಯ ಗಂಟು ಬಿಚ್ಚಿ ನನ್ನ ಬಲಗೈಗೇ ಬೀಜ ಸುರಿದಿದ್ದರು. ಈ ವರ್ಷ ಯಾರ ಕೈಗೆ? ಪಾಟಿಯ ಮೇಲೆ ಗುಣಾಕಾರ ಮಾಡುವಾಗಲೂ ಅದೇ, ಪ್ರಾರ್ಥನೆಗೆ ನಿಂತಾಗಲೂ ಅದೇ. ಅಜ್ಜಿಯನ್ನು ನೇರ ಕೇಳಿಬಿಡಬಹುದಿತ್ತು. ಚಿಂತೆ ಮಾಡುವವರಿಗೆ ಅಂಥ ಸುಲಭದ ದಾರಿ ಕಾಣುವುದಿಲ್ಲ. ನನಗೆ ಇವತ್ತಿಗೂ ಕಾಣುವುದಿಲ್ಲ.

ಒಂದು ಶನಿವಾರ ಮಧ್ಯಾಹ್ನ. ಬೆಳಗಿನ ಸ್ಕೂಲು ಮುಗಿಸಿ ಬಂದಿದ್ದೆ. ಅಜ್ಜಿ ನಡುಮನೆಯಲ್ಲಿ ಚಾಪೆ ಹಾಸಿ ಮಲಗಿದ್ದರು. ಅಮ್ಮ ಮಗುವಿನ ಜೊತೆ ಕೋಣೆಯಲ್ಲಿ. ಭಾಗ್ಯ ಅವಳಮ್ಮನ ಜೊತೆ ಸೀಮೆಎಣ್ಣೆ ಕ್ಯೂಗೆ ಹೋಗಿದ್ದಳು. ನಾನು ಚಪ್ಪರದ ಕೆಳಗೆ ಹೋಗಿ ನಿಂತೆ. ಆ ಎರಡು ದೊಡ್ಡ ಕಾಯಿಗಳಲ್ಲದೆ ಏಳು ಹೀಚುಗಳಿದ್ದವು. ಬೆರಳ ಗಾತ್ರದವು, ಮೈಮೇಲೆ ಬಿಳಿ ಗೀರು, ತುದಿಯಲ್ಲಿ ಒಣಗಿದ ಹೂವು ಇನ್ನೂ ಅಂಟಿಕೊಂಡಿತ್ತು.

ನಾನು ಬಲಗೈ ಎತ್ತಿದೆ. ತೋರುಬೆರಳು ಅಭ್ಯಾಸಬಲದಿಂದ ಮಡಚಿಕೊಂಡಿತು. ಎಡಗೈಯಿಂದ ಹಿಡಿದು ಅದನ್ನು ನೆಟ್ಟಗೆ ಮಾಡಿದೆ.

“ಒಂದು,” ಅಂದೆ. ಮೊದಲನೆಯ ಹೀಚಿಗೆ ತೋರಿಸಿದೆ. ಏನೂ ಆಗಲಿಲ್ಲ, ಎಲೆಯೂ ಅಲುಗಲಿಲ್ಲ. “ಎರಡು.” ಮೂರನೆಯದು ಎಲೆಯ ಮರೆಯಲ್ಲಿತ್ತು, ಎಲೆ ಸರಿಸಿ ತೋರಿಸಿದೆ. ಏಳಕ್ಕೆ ಏಳೂ ಮುಗಿಸಿ ದೊಡ್ಡ ಕಾಯಿಗಳಿಗೂ ತೋರಿಸೋಣ ಅಂದುಕೊಂಡೆ, ಬಲಿತವಕ್ಕೆ ನಾಟುವುದಿಲ್ಲ ಅನ್ನಿಸಿ ಬಿಟ್ಟೆ. ಆಮೇಲೆ ನಲ್ಲಿಯಲ್ಲಿ ಬೆರಳನ್ನು ಸೋಪು ಹಾಕಿ ತೊಳೆದೆ. ಆ ಬೆರಳಲ್ಲೇ ರಾತ್ರಿ ಊಟ ಮಾಡಬೇಕಲ್ಲ ಅಂತ ಹೊಸ ಚಿಂತೆ ಹತ್ತಿತು.

ಭಾನುವಾರ ಮಳೆ. ಸೋಮವಾರವೂ ಜಿಟಿಜಿಟಿ. ಮಂಗಳವಾರ ಸ್ಕೂಲಿಂದ ಬರುವ ಹೊತ್ತಿಗೆ ಎರಡು ಹೀಚು ಹಳದಿಗೆ ತಿರುಗಿದ್ದವು. ಗುರುವಾರದ ಹೊತ್ತಿಗೆ ನಾಲ್ಕು ನೆಲದ ಮೇಲೆ ಬಿದ್ದಿದ್ದವು, ಮುಟ್ಟಿದರೆ ಮೆತ್ತಗೆ ನೀರು ಬರುತ್ತಿತ್ತು. ಶನಿವಾರ ಬೆಳಿಗ್ಗೆ ಏಳೂ ಖಾಲಿ.

ನನಗೆ ಸಂತೋಷವಾಗಬೇಕಿತ್ತು. ಆಗಿದ್ದು ಭಯ. ನನ್ನ ಬೆರಳಿಗೆ ನಿಜವಾಗಿಯೂ ಶಕ್ತಿಯಿದೆ! ಅವತ್ತೆಲ್ಲ ಬಲಗೈಯನ್ನು ಲಂಗದ ಜೇಬಲ್ಲಿಟ್ಟುಕೊಂಡೇ ಓಡಾಡಿದೆ. ತೊಟ್ಟಿಲಲ್ಲಿ ಮಲಗಿದ್ದ ತಮ್ಮನ ಕಡೆಗಂತೂ ಆ ಕೈ ಹೋಗಲೇ ಇಲ್ಲ. ಅವನ ಮೇಲೆ ನನಗೆ ಅಷ್ಟೊಂದು ಪ್ರೀತಿಯಿದೆ ಅಂತ ನನಗೆ ಗೊತ್ತಾದದ್ದೂ ಅವತ್ತೇ.

ಸಂಜೆ ಅಜ್ಜಿ ಚಪ್ಪರದ ಕೆಳಗೆ ನಿಂತರು. ನಮ್ಮಿಬ್ಬರನ್ನೂ ಕರೆದರು. ಕೋಪವಿರಲಿಲ್ಲ, ಬೇಜಾರಿತ್ತು.

“ಯಾರಾದ್ರೂ ಬೆರಳು ತೋರಿಸಿದ್ರೇನ್ರೇ?”

ನಾನು ನೆಲ ನೋಡಿದೆ. ಹೇಳಬೇಕು ಅಂತ ಬಾಯಿ ತೆರೆದದ್ದು ನಿಜ. ಅಷ್ಟರಲ್ಲಿ ಪಕ್ಕದಲ್ಲಿ ಸಣ್ಣ ಸ್ವರ ಕೇಳಿಸಿತು.

“ನಾನೇ ಇರ್ಬೋದು ಅಜ್ಜಿ.” ಭಾಗ್ಯ ಲಂಗದ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. “ಸುಮಿ ಬರಾದ್ಕೆ ಮುಂಚೆ ದಿನಾ ಎಣಿಸ್ತಿದ್ದೆ. ಬಂದೇಟ್ಗೆ ಎಷ್ಟವೆ ಅಂತ ಏಳಾಣ ಅಂತ. ಎಣಿಸ್ವಾಗ ಬೆರಳು ಮಡಚಿದ್ನೋ ಇಲ್ವೋ, ಗ್ಯಾನ ಇಲ್ಲ.”

“ನಂಗ್ಯಾಕೆ ಹೇಳ್ಬೇಕಿತ್ತು?” ಅಂದೆ. ಸ್ವರ ಗಡುಸಾಗಿಯೇ ಬಂತು.

“ನಿನ್ ಬಳ್ಳಿ ಅಲ್ವಾ?”

ನಾನು ಬಚ್ಚಲ ಮೂಲೆಯ ಬಡಪಾಯಿಯ ಕಡೆ ನೋಡಿದೆ. ಅಜ್ಜಿ ನನ್ನ ಕಣ್ಣು ಹೋದ ಕಡೆ ನೋಡಿ ಹೇಳಿದರು: “ಅದಲ್ವೇ. ಅದು ಇವಳು ಊರಿಂದ ತಂದ ಬೀಜ, ಬಚ್ಚಲ ಸೋಪಿನ ನೀರಿಗೆ ಏಳಲೇ ಇಲ್ಲ. ನಿನ್ನ ಕರಟದಲ್ಲಿ ಒಂದೇ ಒಂದು ಹುಟ್ತು. ಚಪ್ಪರ ಸುಮೀದಕ್ಕೇ ಇರ್ಲಿ ಅಜ್ಜಿ ಅಂತ ಇವಳೇ ಅಲ್ಲಿ ನೆಟ್ಟಳು. ಆ ಎರಡು ದೊಡ್ಡ ಕಾಯಿನೂ ಕೊಯ್ಯೋಕೆ ಬಿಡ್ಲಿಲ್ಲ. ಮೊದಲ್ನೇ ಕಾಯಿ ಸುಮೀನೇ ಬಂದು ಕೊಯ್ಲಿ ಅಂತ.”

ನೀವು ಊಹಿಸಿಕೊಳ್ಳಿ. ನನ್ನದೇ ಬಳ್ಳಿ, ನನ್ನದೇ ಬೆರಳು. ಹೊಟ್ಟೆಕಿಚ್ಚು ಪಟ್ಟವರು ತಮ್ಮ ಮನೆಗೇ ಬೆಂಕಿ ಇಟ್ಟುಕೊಂಡ ಕತೆಗಳನ್ನು ಕೇಳಿರುತ್ತೇವೆ. ನಾನು ಅಳತೆ ಮಾಡಿ, ಒಂದು ಎರಡು ಅಂತ ಎಣಿಸಿ ಇಟ್ಟುಕೊಂಡವಳು.

ಆ ಕ್ಷಣದಲ್ಲಿ ನಿಜ ಹೇಳಿದ್ದರೆ ಈ ಬರಹದ ಅಗತ್ಯವಿರುತ್ತಿರಲಿಲ್ಲ. ಹೇಳಲಿಲ್ಲ. ಅಜ್ಜಿ ಭಾಗ್ಯಳ ತಲೆ ಸವರಿ “ಹೋಗ್ಲಿ ಬಿಡು, ಗೊತ್ತಿಲ್ದೆ ಆಗಿದ್ದು. ಇನ್ಮೇಲೆ ಬೆರಳು ಮಡಚು,” ಅಂದರು. ಅವಳು ತಲೆಯಾಡಿಸಿದಳು. ಕಣ್ಣು ತುಂಬಿತ್ತು. ಆ ತಲೆ ಸವರಿದ್ದು ಕಂಡು, ನನ್ನ ತಪ್ಪಿಗೆ ಅವಳು ಅಳುತ್ತಿರುವಾಗಲೂ, ನನಗೆ ಮತ್ತೆ ಹೊಟ್ಟೆ ಉರಿಯಿತು. ಇದನ್ನು ಬರೆಯದೆ ಬಿಡಬಹುದಿತ್ತು. ಆದರೆ ಉರಿದದ್ದು ನಿಜ.

ಮಾರನೆಯ ವಾರ ಅವರೆಬೀಜದ ಗಂಟು ಹೊರಗೆ ಬಂತು. ಅಜ್ಜಿ ಕಲ್ಲಿನ ಮೇಲೆ ಕೂತು ಹಳದಿ ಬಟ್ಟೆ ಬಿಚ್ಚಿದರು. ನಾವಿಬ್ಬರೂ ನಿಂತಿದ್ದೆವು. ಭಾಗ್ಯ ಎರಡು ಹೆಜ್ಜೆ ಹಿಂದೆ, ಕೈಗಳೆರಡನ್ನೂ ಬೆನ್ನಿಗೆ ಕಟ್ಟಿಕೊಂಡು. ಕೇಳಿದರೂ ಕೊಡಲಾರೆ ಅನ್ನುವ ಹಾಗೆ.

“ಸುಮಿ, ಕೈ ಹಿಡಿ,” ಅಂದರು ಅಜ್ಜಿ.

ನಾನು ಗೆದ್ದಿದ್ದೆ. ಬೀಜಗಳು ಅಂಗೈಯಲ್ಲಿ ತಣ್ಣಗಿದ್ದವು. ಊರುವಾಗ ದೇವರಲ್ಲಿ ಬೇಡಿಕೊಂಡೆ, ಒಂದೂ ಹುಟ್ಟದಿರಲಪ್ಪ, ಹಾಗಾದರೂ ಸರಿಹೋಗುತ್ತದೆ. ದೇವರು ಅಂಥ ಬೇಡಿಕೆಗಳಿಗೆ ಕಿವಿಗೊಡುವುದಿಲ್ಲ. ಎಲ್ಲವೂ ಹುಟ್ಟಿದವು. ಆ ವರ್ಷದಷ್ಟು ಅವರೆ ಮುಂದೆಂದೂ ಬಿಡಲಿಲ್ಲ. ಡಿಸೆಂಬರಿನಲ್ಲಿ ಹಿತಕಿದ ಬೇಳೆಯ ಹುಳಿ ಬಡಿಸುತ್ತ ಅಜ್ಜಿ “ನಮ್ಮ ಸುಮೀದು ಕೈಗುಣ” ಅಂದಾಗ, ನಾನು ಕೈಯನ್ನು ಎಲೆಯ ಕೆಳಗೆ ಸರಿಸಿದೆ.

ಮರುವರ್ಷ ಭಾಗ್ಯಳ ಮನೆಯವರು ಬೇರೆ ಕಡೆ ಹೋದರು. ನಾನು ಹೇಳಲೇ ಇಲ್ಲ. ಅಜ್ಜಿ ಹೋದರು, ಅವರಿಗೂ ಹೇಳಲಿಲ್ಲ.

ಈಗ ಹೋದ ತಿಂಗಳು. ಗಾಂಧಿ ಬಜಾರಿನಲ್ಲಿ ಬದನೆಕಾಯಿ ಆರಿಸುತ್ತಿದ್ದೆ. “ಅದಲ್ಲಪ್ಪ, ಅದರ ಪಕ್ಕದ ಎಳೇದು,” ಅಂತ ಬೆರಳು ಮಡಚಿ ತೋರಿಸಿದೆ. ಹಿಂದಿನಿಂದ ಯಾರೋ ಜೋರಾಗಿ ನಕ್ಕರು.

“ಕಿತ್ತು ತಂದಿರೋ ಬದನೆಕಾಯಿಗೂ ಬೆರಳು ಮಡಚೋಳು ಈ ಬೆಂಗಳೂರಲ್ಲಿ ಒಬ್ಬಳೇ. ಸುಮಿ ಅಲ್ವೇನೇ ನೀನು?”

ನೆರೆತ ಕೂದಲು, ಕೈಯಲ್ಲಿ ಎರಡು ಚೀಲ. ಹಕಾರವೆಲ್ಲ ಸ್ವಸ್ಥಾನಕ್ಕೆ ಬಂದಿತ್ತು. ಆದರೂ ಆ ನಿಲುವು ಅವಳದೇ. ಭಾಗ್ಯ. ಎನ್.ಆರ್. ಕಾಲೋನಿಯಲ್ಲಿ ಸ್ವಂತ ಮನೆ, ಅದರ ಮೇಲೆ ತಾರಸಿ, ತಾರಸಿಯ ತುಂಬ ಕೈತೋಟ. ನೋಡು ಬಾ ಅಂತ ಅಲ್ಲಿಂದಲೇ ಎಳೆದುಕೊಂಡು ಹೋದಳು. ಡ್ರಮ್ಮುಗಳಲ್ಲಿ ಟೊಮೇಟೊ, ಕುಂಡಗಳಲ್ಲಿ ಸೊಪ್ಪು, ಕಬ್ಬಿಣದ ಚಪ್ಪರದಿಂದ ಬೆತ್ತದಷ್ಟು ನೆಟ್ಟಗಿನ ಪಡವಲಕಾಯಿಗಳು, ತುದಿಯಲ್ಲಿ ಕಲ್ಲು. ನನ್ನ ಬಾಲ್ಕನಿಯ ತುಳಸಿ ಮೂರನೇ ಸಲ ಒಣಗಿ ಕೂತಿರುವುದು ನೆನಪಾಗಿ ಒಳಗೆ ಚುರುಕ್ಕೆಂದಿತು. ಈ ವಯಸ್ಸಿಗಾದರೂ ಹೊಟ್ಟೆಕಿಚ್ಚು ಹೋಗಬೇಡವೇ? ಹೋಗಿಲ್ಲ.

ಕಾಫಿ ಕುಡಿಯುತ್ತ ಹೇಳಿಬಿಟ್ಟೆ. ಏಳು ಹೀಚು, ಶನಿವಾರ, ಸೋಪು ಹಾಕಿ ತೊಳೆದ ಬೆರಳು, ಎಲ್ಲ.

ಭಾಗ್ಯ ಪೂರ್ತಿ ಕೇಳಿ, “ಹೌದಾ?” ಅಂದಳು. “ನಂಗೆ ನೆನಪೇ ಇಲ್ಲ ಕಣೇ.”

“ನೆನಪಿಲ್ವಾ? ನೀನು ಅತ್ತಿದ್ದೆ!”

“ಅತ್ತಿರ್ತೀನಿ. ಮಕ್ಕಳು ಅಳ್ತಾವೆ. ಅದು ಬೆರಳಲ್ಲ ಮಾರಾಯ್ತಿ, ನೊಣ. ಮಳೆ ಶುರುವಾದ ತಕ್ಷಣ ಬಂದು ಹೀಚಿಗೆ ಚುಚ್ಚಿ ಮೊಟ್ಟೆ ಇಡತ್ತೆ. ನೋಡು, ನಾನು ಒಂದೊಂದಕ್ಕೂ ಬಟ್ಟೆ ಚೀಲ ಹಾಕಿದೀನಿ.”

ನಲವತ್ತಕ್ಕೂ ಹೆಚ್ಚು ವರ್ಷ ನಾನು ಹೊತ್ತದ್ದನ್ನು ಅವಳು ಒಂದು ನೊಣಕ್ಕೆ ವಹಿಸಿಬಿಟ್ಟಳು. ಇಷ್ಟು ವರ್ಷ ಅವಳು ನೆಮ್ಮದಿಯಾಗಿ ನಿದ್ದೆ ಮಾಡಿದ್ದಾಳೆ! ಆ ಮರೆವಿನ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು.

“ನಂಗೆ ನೆನಪಿರೋದು ಒಂದೇ,” ಅಂದಳು ಭಾಗ್ಯ. “ನೀನು ಊರಿಗೆ ಹೋಗಿದ್ಯಲ್ಲ, ಆಗ ನಿಮ್ಮಜ್ಜಿ ದಿನಾ ಸಂಜೆ ಆ ಕಲ್ಲಿನ ಮೇಲೆ ಕೂರಿಸ್ಕೊಂಡು ನನ್ ತಲೆ ಬಾಚೋರು. ಕೊಬ್ಬರಿ ಎಣ್ಣೆ ಹಚ್ಚಿ, ಎರಡು ಜಡೆ ಹಾಕಿ.”

ಲೋಟ ಕೆಳಗಿಟ್ಟೆ. “ಬಾಚ್ತಿದ್ರಾ? ಎಷ್ಟು ದಿನ?”

“ನೀನು ಬರೋವರ್ಗೂ. ನೀನು ಬಂದಿದ್ದೇ ನಿಲ್ಲಿಸಿಬಿಟ್ರು. ಒಂದಿನ ಬಾಚಣಿಗೆ ಹಿಡ್ಕೊಂಡು ಹೋಗಿ ನಿಂತೆ. ‘ಬೇಡ ಕಣಮ್ಮ, ಸುಮಿ ನೋಡಿದ್ರೆ ನೊಂದ್ಕೋತಾಳೆ. ಅವಳಿಗೆ ಈಗ ಮೊದಲೇ ತಮ್ಮ ಬಂದಿದಾನೆ’ ಅಂದ್ರು.” ಅವಳು ನಕ್ಕಳು. “ನೀನು ಯಾಕಾದ್ರೂ ವಾಪಸ್ ಬಂದ್ಯೋ ಅನ್ಸಿತ್ತು ಆಗ.”

ಅಂದರೆ ನಾನು ಚಪ್ಪರದ ಕೆಳಗೆ ಬೆರಳೆತ್ತುವ ಮೊದಲೇ ಅಜ್ಜಿ ನನ್ನ ಪಕ್ಷದಲ್ಲಿದ್ದರು. ನನ್ನ ಹೊಟ್ಟೆಯೊಳಗಿನದೆಲ್ಲ ಅವರಿಗೆ ಗೊತ್ತಿತ್ತು. ನನಗೆ ಹೇಳಲಿಲ್ಲ, ನಾನು ಕೇಳಲಿಲ್ಲ. ಜಡೆ ಕಳೆದುಕೊಂಡವಳು ಇವಳು.

ಹೊರಡುವಾಗ ಭಾಗ್ಯ ಚಪ್ಪರದ ಕಡೆ ಕೈಯೆತ್ತಿ, “ಆ ಎರಡನೇದು ಬೀಜಕ್ಕೆ ಬಿಟ್ಟಿದೀನಿ ನೋಡು,” ಅಂದಳು. ಬೆರಳು ನೆಟ್ಟಗಿತ್ತು. ಪಕ್ಕದಲ್ಲೇ ಎರಡು ಹೀಚುಗಳಿದ್ದವು. ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ನಾನು ಅವಳ ಬೆರಳು ಹಿಡಿದು ಮಡಚಿದ್ದೆ. ಅವಳು ನನ್ನನ್ನೇ ನೋಡಿದಳು, ಆಮೇಲೆ ಬೆರಳನ್ನು ಹಾಗೇ ಮಡಚಿಟ್ಟುಕೊಂಡಳು. ಹೋದ ವರ್ಷದ ನಾಲ್ಕು ಬೀಜ ಕಾಗದದಲ್ಲಿ ಕಟ್ಟಿ ಕೊಟ್ಟಳು. “ಎಂಟು ಎತ್ತಿಟ್ಟಿದ್ದೆ, ನಾಲ್ಕು ನಾನು ಹಾಕ್ತೀನಿ. ಎಲ್ಲಾ ನೀನೇ ತಗೋ. ನಿನ್ನ ಕೈಗುಣ ಒಳ್ಳೇದು ಅಂತಿದ್ರಲ್ಲ.”

“ಎಂಟರಲ್ಲಿ ನಾಲ್ಕು ಅಂದ್ರೆ ಎಲ್ಲಾ ಹೇಗಾಯ್ತು?”

“ನಿಂಗೆ ಲೆಕ್ಕ ಮಾತ್ರ ಇನ್ನೂ ಬರಲ್ಲ ಅಂದ್ಕೊಂಡಿದ್ದೆ!”

ನಾನಿರುವುದು ಅದೇ ಶಂಕರಪುರದ ಅದೇ ಜಾಗದಲ್ಲಿ. ಹೆಂಚಿನ ಮನೆ ಹೋಗಿ ನಾಲ್ಕು ಮಹಡಿ ಎದ್ದಿದೆ, ಎರಡನೆಯದು ನಮ್ಮದು. ಅವತ್ತು ಸಂಜೆ ಕೆಳಗಿಳಿದು ಪಾರ್ಕಿಂಗಿನಲ್ಲಿ ಹೆಜ್ಜೆ ಹಾಕಿ ನೋಡಿದೆ. ಆಗಿನ ಹನ್ನೆರಡು ಹೆಜ್ಜೆ ಈಗ ಏಳಾಗುತ್ತದೆ. ಚಪ್ಪರವಿದ್ದಲ್ಲಿ ನಮ್ಮ ಕಾರು, ಬಚ್ಚಲ ಮೂಲೆಯಲ್ಲಿ ತಮ್ಮನ ಕಾರು. ಒಗೆಯುವ ಕಲ್ಲಿದ್ದ ಕಡೆ ಲಿಫ್ಟು. ಮಣ್ಣು ಅಂತ ಇರುವುದು ಟೈರಿಗೆ ಅಂಟಿಕೊಂಡು ಬಂದದ್ದಷ್ಟೇ. ವಾಚ್‌ಮನ್ “ಏನಾದ್ರೂ ಬಿದ್ದೋಯ್ತಾ ಮೇಡಂ?” ಅಂತ ಟಾರ್ಚು ತಂದ.

ಕರಟಗಳಲ್ಲಿ ಮಣ್ಣು ತುಂಬಿ ನಾಲ್ಕೂ ಬೀಜ ಊರಿ ಅಡಿಗೆಮನೆಯ ಕಿಟಕಿಯಲ್ಲಿಟ್ಟೆ. ರಾತ್ರಿ ಇಲಿ ಬಂದೀತೆಂದು ಬುಟ್ಟಿ ಮುಚ್ಚಿದೆ. ಎರಡನೇ ಮಹಡಿಗೆ ಇಲಿ ಎಲ್ಲಿಂದ ಬರಬೇಕು ಅಂತ ಮನೆಯವರು ನಕ್ಕರು. ಎಂಟನೆಯ ದಿನ ಒಂದೇ ಒಂದು ಹುಟ್ಟಿತು. ಫೋಟೋ ತೆಗೆದು ಭಾಗ್ಯಳಿಗೆ ಕಳಿಸಿದೆ. ನಿಮಿಷದಲ್ಲಿ ಅವಳ ಉತ್ತರ ಬಂತು: ಅವಳ ನಾಲ್ಕೂ ಹುಟ್ಟಿವೆ, ಆಗಲೇ ಎರಡೆರಡು ಎಲೆ. ಹೊಟ್ಟೆಯಲ್ಲಿ ಆ ಹಳೆಯ ಉರಿ ತಪ್ಪದೆ ಎದ್ದಿತು. ಅಷ್ಟರಮಟ್ಟಿಗೆ ಎಲ್ಲ ಹಾಗೇ ಇದೆ: ಬೀಜ, ಕರಟ, ಭಾಗ್ಯ, ನಾನು. ಕೆನ್ನೆ ಹಿಡಿದು, ಇಬ್ಬರ ಸಸಿಯನ್ನೂ ನೋಡಿ, ಯಾರದು ಕೈಗುಣ ಅಂತ ಹೇಳಬೇಕಾದವರು ಮಾತ್ರ ಇಲ್ಲ.